ಕಲ್ಲಿನ ಕೈಗೆ ಬಾಸ್ ಗಿಟಾರು

ನಾನು ಬಾಸ್ ಗಿಟಾರು ಹಿಡಿದದ್ದು ಸಂಗೀತದ ಆಸೆಯಿಂದಲ್ಲ, ಭಾರ ಎತ್ತುವ ಶಕ್ತಿ ಇದ್ದುದರಿಂದ. ಕಾಪುವಿನಲ್ಲಿ ಕ್ರಿಶ್ಚಿಯನ್ ಮದುವೆಗಳಿಗೆ ನುಡಿಸುವ ಒಂದು ಬ್ಯಾಂಡ್ ಇತ್ತು. ಅದರ ಯಜಮಾನರನ್ನು ಎಲ್ಲರೂ ಮಾಸ್ಟ್ರು ಎನ್ನುತ್ತಿದ್ದರು. ಅವರ ಸ್ಪೀಕರು, ಆಂಪ್ಲಿಫೈಯರುಗಳನ್ನು ವ್ಯಾನಿನಿಂದ ಇಳಿಸಿ ವೇದಿಕೆಗೆ ಹೊರಲು ಒಬ್ಬ ಗಟ್ಟಿ ಆಳು ಬೇಕಿತ್ತು. ನಾನು ಕಾರ್ಕಳದವನು, ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಶಿಲೆಕಲ್ಲು ಒಡೆಯಲು ಹೋದವನು. ಇಪ್ಪತ್ತು ದಾಟುವಾಗ ಇಬ್ಬರು ಹೊರುವ ಕಲ್ಲನ್ನು ಒಬ್ಬನೇ ಹೊರುತ್ತಿದ್ದೆ. ಹೀಗೆ ವಾರವೆಲ್ಲ ಕಲ್ಲು, ಮದುವೆ ಇದ್ದ ದಿನ ಮಾಸ್ಟ್ರ ಪೆಟ್ಟಿಗೆಗಳು.

ಮಾಸ್ಟ್ರು ಮೊದಲ ದಿನವೇ ಒಂದು ಮಾತು ಹೇಳಿದ್ದರು. “ಪೆಟ್ಟಿಗೆ ಎತ್ತು, ಇಳಿಸು. ಗುಂಡಿ ಮಾತ್ರ ಮುಟ್ಟಬೇಡ.” ಬಾಸ್ ಗಿಟಾರಿನ ಆಂಪ್ಲಿಫೈಯರಿನಲ್ಲಂತೂ ವಾಲ್ಯೂಮಿನ ಗುಂಡಿಗೆ ಅವರೇ ಕಪ್ಪು ಟೇಪು ಸುತ್ತಿ, ಅದು ತಿರುಗದ ಹಾಗೆ ಮಾಡಿಟ್ಟಿದ್ದರು. ನನಗೆ ಆ ಗುಂಡಿಯ ಅವಶ್ಯಕತೆಯೂ ಇರಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಮದುವೆಗಳ ಭರಾಟೆಯ ನಡುವೆಯೇ ನಮ್ಮ ಬಾಸ್ ನುಡಿಸುವವನಿಗೆ ಗಲ್ಫಿನ ವೀಸಾ ಬಂತು, ಅವನು ಹೋದ. ಮಾಸ್ಟ್ರು ತಲೆ ಕೆರೆದುಕೊಂಡು ನನ್ನನ್ನೇ ನೋಡಿದರು.

“ಬಾ ಮಾರಾಯ, ಹಿಡಿ ಇದನ್ನು.”

“ನನಗೆ ಎಂತ ಬರ್ತದೆ ಮಾಸ್ಟ್ರೆ?”

“ಪೆಟ್ಟಿಗೆ ಹಿಂದೆ ಕೂತು ಕಾಲು ಕುಟ್ಟುವುದು ಬರ್ತದೆ ಅಲ್ವಾ? ಅರ್ಧ ಬಂದ ಹಾಗೆ. ಉಳಿದದ್ದು ಎರಡು ಬೆರಳಿನ ಕೆಲಸ.”

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬಾಸ್ ಗಿಟಾರಿನಲ್ಲಿ ನಾಲ್ಕೇ ತಂತಿ, ಎಲ್ಲವೂ ದಪ್ಪ. ಅದರ ಸ್ವರ ಕೆಳಗಿನದು, ಎದೆಗೆ ತಾಗುವಂಥದ್ದು. ಮದುವೆಯ ಕುಣಿತದ ಹಾಡುಗಳಿಗೆ ಒಂದು ಕೆಳಗಿನ ಸ್ವರ, ಒಂದು ಮೇಲಿನ ಸ್ವರ, ಮತ್ತೆ ಕೆಳಗಿನದು, ಇಷ್ಟು ಸಾಕು. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೊಂದು ನಡೆಸಬೇಕು. ಮನುಷ್ಯ ಎರಡು ಕಾಲಿನಲ್ಲಿ ನಡೆಯುವ ಹಾಗೆ. ಒಂದೇ ಕಾಲಿನಲ್ಲಿ ಕುಂಟಿಕೊಂಡು ಹೋಗುವವನು ದೂರ ಹೋಗಲಾರ. ಇದನ್ನು ನಾನು ಒಂದು ಮಳೆಗಾಲದೊಳಗೆ ಕಲಿತೆ.

ಆದರೆ ಒಂದು ಕೊರತೆ ಇತ್ತು. ನಾನು ನುಡಿಸುವುದು ನನಗೇ ಕೇಳಿಸುತ್ತಿರಲಿಲ್ಲ. ಟೇಪು ಸುತ್ತಿದ ಆ ಪೆಟ್ಟಿಗೆಯಿಂದ ಬರುವ ಸದ್ದು ಮಾಸ್ಟ್ರ ಟ್ರಂಪೆಟ್ಟಿನ ಅಡಿಗೆ ಬಿದ್ದು ಸಾಯುತ್ತಿತ್ತು. ಗುಂಡಿ ಮುಟ್ಟಬಾರದು ಎಂದ ಮೇಲೆ ಇರುವುದು ಒಂದೇ ದಾರಿ. ಜೋರಾಗಿ ಹೊಡೆಯಬೇಕು. ಹೊಡೆದೆ. ಕಲ್ಲಿನ ಕೈ, ಹೊಡೆಯಲಿಕ್ಕೆ ಅಡ್ಡಿ ಎಂತ? ವರ್ಷಗಟ್ಟಲೆ ಹಾಗೆಯೇ ನುಡಿಸಿದೆ. ಬಾಸ್ ಎಂದರೆ ಹೊಡೆಯುವುದು ಎಂದೇ ನಂಬಿದ್ದೆ.

ಮದುವೆಯಾದ ಮೇಲೆ ಪರ್ಕಳದಲ್ಲಿ ಬಾಡಿಗೆಗೆ ಒಂದು ಕೋಣೆ, ಅಡುಗೆಮನೆ, ಜಗಲಿ ಹಿಡಿದೆ. ಆಗ ಮಣಿಪಾಲದಲ್ಲಿ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿದ್ದ ಕಾಲ, ಕಲ್ಲಿನವರಿಗೆ ಕೈತುಂಬ ಕೆಲಸ. ಒಂದು ಹಾಸ್ಟೆಲಿನ ಪಾಗಾರಕ್ಕೆ, ಅಂದರೆ ಕಾಂಪೌಂಡ್ ಗೋಡೆಗೆ, ಕಲ್ಲು ಕೆತ್ತುತ್ತಿದ್ದಾಗ ಮಧ್ಯಾಹ್ನದ ಹೊತ್ತಿಗೆ ಹಿಂದಿನ ಶೆಡ್ಡಿನಿಂದ ಒಂದು ಸದ್ದು ಬರತೊಡಗಿತು. ಗಿಟಾರಿನದೇ ಸದ್ದು, ಆದರೆ ಗರಗಸದಿಂದ ತಗಡು ಕೊಯ್ದ ಹಾಗೆ. ಡ್ರಮ್ಮು ಕುದುರೆ ಓಡಿದ ಹಾಗೆ. ನನ್ನ ಜೊತೆಯ ಕೆಲಸದವರು ಕಿವಿ ಮುಚ್ಚಿಕೊಂಡರು. ನನಗೆ ಮಾತ್ರ ಅದು ಹಿಡಿಸಿತು. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬಹುಶಃ ದಿನವಿಡೀ ಸುತ್ತಿಗೆ ಉಳಿಯ ಸದ್ದು ಕೇಳುವವನಿಗೆ ಅದು ಗಲಾಟೆ ಅನಿಸಲಿಲ್ಲ, ಕೆಲಸ ಅನಿಸಿತು.

ಊಟದ ಬುತ್ತಿ ಮುಗಿಸಿ ಹೋಗಿ ಕಿಟಕಿಯ ಹತ್ತಿರ ನಿಂತೆ. ಮೂವರು ಹುಡುಗರು. ಗಿಟಾರಿನವನು ಉಡುಪಿ ಪೇಟೆಯವನೇ, ಇಂಜಿನಿಯರಿಂಗ್ ಓದುತ್ತಿದ್ದವನು. ಅವನೇ ಮುಖಂಡ. ಉಳಿದಿಬ್ಬರು ಹೊರಗಿನವರು.

“ಎಂತ ಬೇಕಿತ್ತು?” ಎಂದ ಅವನು.

“ಬಾಸ್ ಇಲ್ವಾ ನಿಮ್ಮಲ್ಲಿ?” ಎಂದೆ.

ಅವನು ನನ್ನ ತಲೆಯ ಮೇಲಿನ ಕಲ್ಲಿನ ಹುಡಿ ನೋಡಿದ, ಲುಂಗಿ ನೋಡಿದ, ಆಮೇಲೆ ಉಳಿದವರನ್ನು ನೋಡಿದ. “ಇದ್ದವನು ಕೋರ್ಸ್ ಮುಗಿಸಿ ಊರಿಗೆ ಹೋದ. ಗಿಟಾರು ಇಲ್ಲೇ ಉಂಟು. ಯಾಕೆ, ನಿಮಗೆ ಬರ್ತದಾ?”

“ಬಾರದಿದ್ದರೆ ಕೇಳ್ತಿದ್ನಾ?”

ಕೈ ತೊಳೆದು ಬಂದು ಮದುವೆಯ ಒಂದು ಕುಣಿತದ ಹಾಡಿನ ಬಾಸ್ ನುಡಿಸಿದೆ. ಡ್ರಮ್ಮಿನ ಹುಡುಗ ನಗುತ್ತಾ ಜೊತೆಗೂಡಿದ. ಗಿಟಾರಿನವನು ನಗಲಿಲ್ಲ. ಅವನು ಒಂದು ಕ್ಯಾಸೆಟ್ ಕೊಟ್ಟು, “ಇದರಲ್ಲಿ ಮೂರು ಹಾಡು ಉಂಟು. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾವು ಮಾಡುವುದು ಇವನ್ನೇ. ಕೇಳಿ ಬನ್ನಿ ಅಣ್ಣ, ನೋಡುವ” ಎಂದ.

ಹೀಗೆ ನನಗೆ ಒಂದು ಹುಚ್ಚು ಹಿಡಿಯಿತು. ಆ ಮೂರು ಹಾಡನ್ನು ಆ ಹುಡುಗರ ಜೊತೆ ವೇದಿಕೆಯಲ್ಲಿ ನುಡಿಸಬೇಕು. ಜೀವನದಲ್ಲಿ ಮೊದಲ ಸಲ ನನ್ನ ಕೈಯ ಸದ್ದು ಜನರ ಎದೆಗೆ ತಾಗಬೇಕು. ಬೇರೆ ಎಂತ ಲಾಭವೂ ಅದರಲ್ಲಿರಲಿಲ್ಲ.

ನೆರೆಮನೆಯವರ ಟೇಪ್ ರೆಕಾರ್ಡರಿನಲ್ಲಿ ಹಾಡು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಮೆಟಲ್ ಎನ್ನುವ ಈ ಸಂಗೀತದಲ್ಲಿ ಕುದುರೆ ಓಟದಂಥ ಒಂದು ನಡೆ ಉಂಟು. ಒಂದು ಉದ್ದ, ಎರಡು ಗಿಡ್ಡ: ಧೂಂ ತಕ, ಧೂಂ ತಕ, ಧೂಂ ತಕ. ಇಲ್ಲಿ ಹೊಸಬರು ಎಡವುವ ಜಾಗ ಯಾವುದೆಂದರೆ, ಸ್ವರ ಮೂರು, ನಡೆಸುವ ಬೆರಳು ಎರಡು. ಮೊದಲ ‘ಧೂಂ’ ತೋರುಬೆರಳಿಗೆ ಬಂದರೆ ಮುಂದಿನ ‘ಧೂಂ’ ನಡುಬೆರಳಿಗೆ ಬರುತ್ತದೆ. ತಲೆ ಗೊಂದಲವಾಗಿ ಬೆರಳು ನಿಲ್ಲುತ್ತದೆ. ಅದಕ್ಕೆ ಉಪಾಯ ವೇಗವಲ್ಲ, ನಿಧಾನ. ಎಷ್ಟು ನಿಧಾನವೆಂದರೆ ಕೇಳುವವರಿಗೆ ಬೇಸರ ಬರುವಷ್ಟು. ಎರಡು ಬೆರಳಿನ ಸದ್ದಿನಲ್ಲಿ ವ್ಯತ್ಯಾಸ ಕೇಳದೆ ಹೋದ ಮೇಲೆಯೇ ಸ್ವಲ್ಪ ಓಡಿಸಬೇಕು.

ಮದುವೆಗಳ ಬಿಡುವಿನಲ್ಲಿ ಮಾಸ್ಟ್ರ ಬಾಸಿನಲ್ಲಿ ತಿದ್ದಿ ತಿದ್ದಿ ಅದು ನನಗೆ ಬಂತು. ಆದರೂ ಆ ಶೆಡ್ಡಿನಲ್ಲಿ ಮೊದಲ ಪರೀಕ್ಷೆಯ ದಿನ ನಾನು ಸೋತೆ. ಮೊದಲನೆಯ ಹಾಡು ಸರಿಯಾಗಿ ಹೋಯಿತು. ಎರಡನೆಯದರ ಅರ್ಧದಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಲಗೈ ಹುರಿ ಹಾಕಿದ ಹಗ್ಗದ ಹಾಗೆ ಬಿಗಿಯಿತು. ಎಡಗೈಯ ಕಿರುಬೆರಳು ತಂತಿಯಿಂದ ತಾನಾಗಿಯೇ ಮೇಲೆದ್ದು ನಿಂತಿತು. ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಿಗೆ ಬೀಸುವ ಕೈ, ಒಂದು ಹಾಡಿಗೆ ಸೋತಿತು! ನನಗೆ ನಂಬಲಿಕ್ಕೇ ಆಗಲಿಲ್ಲ.

“ಅಣ್ಣ, ನೀವು ನುಡಿಸ್ತಾ ಇದ್ದೀರಾ, ಪಾಗಾರ ಒಡೀತಾ ಇದ್ದೀರಾ?” ಎಂದ ಗಿಟಾರಿನವನು. ಆಮೇಲೆ ಕಿಸೆಯಿಂದ ಪಿಕ್ ತೆಗೆದು ಚಾಚಿದ. ತಂತಿ ಮೀಟುವ ಪ್ಲಾಸ್ಟಿಕ್ಕಿನ ಮೂರು ಮೂಲೆಯ ತುಂಡು ಅದು. “ಇದರಲ್ಲಿ ಪ್ರಯತ್ನ ಮಾಡಿ. ಈ ವೇಗಕ್ಕೆ ಬೆರಳು ಆಗುವುದಿಲ್ಲ.”

“ದೇವರು ಹತ್ತು ಬೆರಳು ಕೊಟ್ಟಿದ್ದಾನೆ. ಪ್ಲಾಸ್ಟಿಕ್ ನನಗೆ ಎಂತಕ್ಕೆ?”

ಪಿಕ್ ಹಿಡಿಯುವುದು ತಪ್ಪಲ್ಲ. ಮೆಟಲ್ ನುಡಿಸುವ ಎಷ್ಟೋ ಒಳ್ಳೆಯ ಬಾಸಿನವರು ಅದನ್ನೇ ಹಿಡಿಯುತ್ತಾರೆ, ಅದರ ಸದ್ದಿಗೆ ಬೇರೆಯೇ ಅಂಚು ಉಂಟು. ಆದರೆ ಸೋತ ಹೊತ್ತಿಗೆ ಚಾಚಿದ ಕೈಯಿಂದ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಅವನು ಸಿಟ್ಟಾಗಲಿಲ್ಲ. ಇದ್ದದ್ದನ್ನು ಹೇಳಿದ. ಕಿರಿಯ ತರಗತಿಯ ಒಬ್ಬ ಹುಡುಗ ಉಂಟು, ಅವನಲ್ಲಿ ಸ್ವಂತ ಬಾಸ್ ಉಂಟು, ಪಿಕ್ಕಿನಲ್ಲಿ ನುಡಿಸುತ್ತಾನೆ, ಕೈ ಸೋಲುವುದಿಲ್ಲ. ಕಾಲೇಜಿನ ಟೆಸ್ಟುಗಳು ಮುಗಿದ ಮೇಲೆ ನಾನು ಇನ್ನೊಮ್ಮೆ ಬರಬಹುದು. ಆಗಲೂ ಕೈ ಬಿಗಿದರೆ ಜಾಗ ಆ ಹುಡುಗನಿಗೆ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಅವು. ಆ ಕಾಲದಲ್ಲಿ ಕ್ರಿಶ್ಚಿಯನ್ನರಲ್ಲಿ ಮದುವೆ ನಡೆಯುವುದಿಲ್ಲ, ಮಾಸ್ಟ್ರ ಬಾಸ್ ಸುಮ್ಮನೆ ಮೂಲೆಯಲ್ಲಿರುತ್ತಿತ್ತು. ಕೇಳಿ ಮನೆಗೆ ತಂದೆ. ಕೆಲಸದಿಂದ ಬಂದು ಮಿಂದು, ಜಗಲಿಯಲ್ಲಿ ಕುಳಿತು ಸಾಧನೆ. ಎದುರಿಗೆ ಹೆಂಡತಿ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳು ಬೆಳಿಗ್ಗೆಯಿಂದ ಕಟ್ಟುತ್ತಿದ್ದರೂ ಅವಳ ಬೆರಳಿಗೆ ದಣಿವೆಂಬುದಿಲ್ಲ. ನನ್ನ ಕೈ ಮಾತ್ರ ಸ್ವಲ್ಪ ಹೊತ್ತಿಗೇ ಬಿಗಿಯುತ್ತಿತ್ತು. ನಾನು ಕೈ ಕೊಡವುವುದು, ತಿಕ್ಕುವುದು, ಮತ್ತೆ ಹಿಡಿಯುವುದು ನೋಡಿ ನೋಡಿ ಅವಳಿಗೆ ಸಾಕಾಯಿತು.

“ಅದರ ಕುತ್ತಿಗೆ ಹಿಚುಕಿ ಕೊಲ್ತೀರಾ ಎಂತ?”

“ನಿನಗೆ ಗೊತ್ತಾಗುವುದಿಲ್ಲ. ಒತ್ತದಿದ್ದರೆ ಸ್ವರ ಬರುವುದಿಲ್ಲ.”

“ಒತ್ತಬೇಡಿ ಅಂದ್ನಾ ನಾನು? ಎಷ್ಟು ಬೇಕೋ ಅಷ್ಟು ಒತ್ತಿ. ಹೀಗೆ ಬೀಡಿ ಹಿಡಿದ್ರೆ ಎಲೆ ಒಡೆದು ಹೊಗೆಸೊಪ್ಪು ನೆಲಕ್ಕೆ. ಬೇಕಾದರೆ ನೋಡಿ, ನೀವೇ ಒಂದು ಕಟ್ಟಿ.”

ಕಟ್ಟಿದೆ. ಎಲೆ ಸೀಳಿತು. ಇನ್ನೊಂದು ತೆಗೆದುಕೊಂಡೆ, ಅದೂ ಸೀಳಿತು. “ಸಾಕು ಸಾಕು, ಎಲೆ ದಂಡ. ಬೀಡಿ ಕೊಡುವ ಡಿಪೋದಲ್ಲಿ ನನ್ನ ಮರ್ಯಾದೆ ಹೋಗ್ತದೆ” ಎಂದು ಅವಳು ಮೊರ ಎಳೆದುಕೊಂಡಳು.

ನಾನು ಆಗ ಅವಳ ಕೈಯನ್ನು ಸರಿಯಾಗಿ ನೋಡಿದೆ. ಮದುವೆಯಾಗಿ ಅಷ್ಟು ದಿನವಾದರೂ ಹಾಗೆ ನೋಡಿರಲಿಲ್ಲ. ಬೆರಳುಗಳು ಎಲೆಯನ್ನು ಬಿಟ್ಟು ಮೇಲೇಳುವುದೇ ಇಲ್ಲ. ಒಂದು ಬೆರಳು ಕೆಲಸ ಮಾಡುವಾಗ ಉಳಿದವು ಅಲ್ಲೇ ಹತ್ತಿರದಲ್ಲಿ ಸುಮ್ಮನೆ ಕಾದಿರುತ್ತವೆ. ಹೆಬ್ಬೆರಳು ಒತ್ತುವುದಿಲ್ಲ, ಆಸರೆ ಕೊಡುತ್ತದೆ ಅಷ್ಟೆ. ಭುಜ ಅಲುಗುವುದಿಲ್ಲ. ನನ್ನ ಬೆರಳುಗಳೋ, ಪ್ರತಿ ಸ್ವರಕ್ಕೂ ಸುತ್ತಿಗೆ ಎತ್ತಿದ ಹಾಗೆ ಮೇಲೆದ್ದು ಕೆಳಗೆ ಬೀಳುತ್ತಿದ್ದವು.

ಅಂದು ಒಂದು ಪರೀಕ್ಷೆ ಮಾಡಿದೆ. ಬಾಸ್ ಕಲಿಯುವವರು ಯಾರು ಬೇಕಾದರೂ ಮಾಡಬಹುದು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡವಾಗಿ ಲೋಹದ ಪಟ್ಟಿಗಳಿರುತ್ತವೆ, ಫ್ರೆಟ್ ಎನ್ನುತ್ತಾರೆ. ಬೆರಳನ್ನು ಪಟ್ಟಿಯ ಮಗ್ಗುಲಿಗೇ, ಅದರ ಹಿಂದೆ ಇಡಬೇಕು. ಮೊದಲು ಬೆರಳನ್ನು ತಂತಿಗೆ ಬರಿದೇ ತಾಗಿಸಿ ಮೀಟಬೇಕು. ಟಪ್ ಎಂದು ಸತ್ತ ಸದ್ದು ಬರುತ್ತದೆ. ಸ್ವಲ್ಪ ಒತ್ತಿ ಮೀಟಬೇಕು, ಗರ್ ಎನ್ನುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಸ್ವರ ತಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅದರ ಮೇಲೆ ಒತ್ತುವುದೆಲ್ಲ ವ್ಯರ್ಥ. ನಾನು ಅಷ್ಟು ವರ್ಷ ಒತ್ತಿದ್ದರಲ್ಲಿ ಮುಕ್ಕಾಲು ಪಾಲು ಹಾಗೆ ವ್ಯರ್ಥ ಹೋದದ್ದು. ಕತ್ತಿನ ಹಿಂದಿನ ಹೆಬ್ಬೆರಳನ್ನು ಪೂರ್ತಿ ತೆಗೆದು ನೋಡಿದೆ, ಆಗಲೂ ಸ್ವರ ಬಂತು.

ಆ ಸತ್ತ ಸದ್ದೂ ವ್ಯರ್ಥವಲ್ಲ. ಮೆಟಲಿನಲ್ಲಿ ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲಿ ಕಡಿದ ಹಾಗೆ ನಿಲ್ಲಬೇಕು. ಬೆರಳನ್ನು ತಂತಿಯಿಂದ ತೆಗೆಯಬಾರದು, ಒತ್ತಡವನ್ನು ಮಾತ್ರ ಬಿಡಬೇಕು. ತಂತಿ ತಾನೇ ಮೌನವಾಗುತ್ತದೆ. ನುಡಿಸದ ತಂತಿಗಳ ಮೇಲೆ ಉಳಿದ ಬೆರಳುಗಳು ಸುಮ್ಮನೆ ಒರಗಿರಬೇಕು. ಇಲ್ಲವಾದರೆ ಅವು ಕರೆಯದೇ ಬಂದ ನೆಂಟರ ಹಾಗೆ ನಡುವೆ ಮಾತಾಡತೊಡಗುತ್ತವೆ.

ಎಡಗೈ ಸರಿಯಾಯಿತು. ಬಲಗೈ ಬಾಕಿ. ಮೆಲ್ಲಗೆ ಮೀಟಿದರೆ ಕೈ ಸೋಲುವುದಿಲ್ಲ, ಸರಿ. ಆದರೆ ಮೆಲ್ಲಗೆ ಮೀಟಿದರೆ ಕೇಳಿಸುವುದು ಹೇಗೆ? ಅಷ್ಟು ವರ್ಷ ಜೋರಾಗಿ ಹೊಡೆದೇ ಕೇಳಿಸಲಿಲ್ಲ. ಈ ಲೆಕ್ಕ ನನಗೆ ಬಗೆಹರಿಯಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಉಡುಪಿಗೆ ಇಳಿದು, ಅಲ್ಲಿಂದ ಕಾಪುವಿಗೆ ಹೋಗಿ ಮಾಸ್ಟ್ರಲ್ಲಿ ಕೇಳಿಯೇ ಬಿಟ್ಟೆ.

“ಮಾಸ್ಟ್ರೆ, ಆ ಗುಂಡಿಗೆ ಟೇಪು ಯಾಕೆ ಸುತ್ತಿದ್ದು?”

“ಅದಾ? ಗಲ್ಫಿಗೆ ಹೋದನಲ್ಲ, ಅವನಿಗೆ. ಗುಂಡಿ ಪೂರಾ ತಿರುಗಿಸಿ ಹಾಡುವವರ ತಲೆ ಮೇಲೆ ಹತ್ತಿ ಕೂರ್ತಿದ್ದ. ಎಷ್ಟು ಹೇಳಿದರೂ ಕೇಳಲಿಲ್ಲ, ಸುತ್ತಿ ಬಿಟ್ಟೆ.”

“ಅವನು ಹೋಗಿ ಎಷ್ಟು ಕಾಲ ಆಯಿತು? ತೆಗೀಬಹುದಿತ್ತಲ್ಲ?”

“ನೀನು ಹೇಳಬೇಕಿತ್ತಲ್ಲ ಮಾರಾಯ! ನಾನು ಟ್ರಂಪೆಟ್ ಊದುವವನು, ನನಗೆ ಹಿಂದಿನದ್ದು ಎಂತ ಕೇಳಿಸ್ತದೆ?”

“ಗುಂಡಿ ಮುಟ್ಟಬೇಡ ಅಂತ ನೀವೇ ಅಲ್ವಾ ಹೇಳಿದ್ದು?”

“ಹೊರುವವನಿಗೆ ಹೇಳಿದ್ದು ಅದು. ಕೈಗೆ ಗಿಟಾರು ಕೊಟ್ಟ ಮೇಲೆ ಗುಂಡಿಯೂ ನಿನ್ನದೇ. ಅದನ್ನೂ ಬಾಯಿ ಬಿಟ್ಟು ಹೇಳ್ಬೇಕಾ?” ಎಂದವರು ತಡೆಯಲಾರದೆ ನಕ್ಕರು. ಅವರ ಹೆಂಡತಿ ಒಳಗಿನಿಂದ ಬಂದು ಎಂತ ಆಯಿತೆಂದು ಕೇಳಿದರು. ಅವರಿಗೂ ಹೇಳಿ ಇನ್ನೊಮ್ಮೆ ನಕ್ಕರು.

ನನಗೆ ನಗು ಬರಲಿಲ್ಲ. ಶೆಡ್ಡಿನ ಬಾಸಿನ ಪೆಟ್ಟಿಗೆ ಕಣ್ಣೆದುರು ಬಂತು. ಅದಕ್ಕೆ ಟೇಪು ಇರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹುಡುಗರು ಹಾಸ್ಟೆಲಿನ ವಾರ್ಡನನ ಭಯಕ್ಕೆ ಅದರ ಸದ್ದನ್ನು ಸಣ್ಣದಾಗಿ ಇಟ್ಟಿದ್ದರು. ನಾನು ಅದರ ಮಗ್ಗುಲಲ್ಲೇ ನಿಂತು, ಕೈ ಬಿಗಿಯುವವರೆಗೆ ಹೊಡೆದು ಬಂದಿದ್ದೆ. ಹೊರುವವನ ನಿಯಮವನ್ನು ನುಡಿಸುವವನಾಗಿಯೂ ಪಾಲಿಸಿದ್ದೆ.

ಟೆಸ್ಟುಗಳು ಮುಗಿದ ಮೇಲೆ ಶೆಡ್ಡಿಗೆ ಹೋದಾಗ ಮೊದಲು ಗಿಟಾರು ಮುಟ್ಟಲಿಲ್ಲ. ನೇರ ಪೆಟ್ಟಿಗೆಯ ಹತ್ತಿರ ಹೋಗಿ ವಾಲ್ಯೂಮ್ ತಿರುಗಿಸಿದೆ.

“ಅಣ್ಣ, ಅಣ್ಣ! ವಾರ್ಡನ್ ಬರ್ತಾರೆ!”

“ಬರಲಿ. ಅವರಿಗೂ ಬಾಸ್ ಕೇಳಲಿ.”

ಆಮೇಲೆ ತಂತಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ಮೀಟಿದೆ. ಶೆಡ್ಡಿನ ತಗಡು ನಡುಗಿತು. ಜೋರು ಬೇಕಾದರೆ ಪೆಟ್ಟಿಗೆಗೆ ಹೇಳಬೇಕು, ಬೆರಳಿಗೆ ಹೇಳಬಾರದು. ಬೆರಳಿನ ಕೆಲಸ ಸಮಯಕ್ಕೆ ಸರಿಯಾಗಿ ಬರುವುದು, ಸಮಯಕ್ಕೆ ಸರಿಯಾಗಿ ಹೋಗುವುದು. ಮೀಟಿದ ಬೆರಳು ಗಾಳಿಗೆ ಹಾರದೆ ಮೇಲಿನ ತಂತಿಗೆ ಬಂದು ಒರಗಬೇಕು, ಅಲ್ಲಿಂದಲೇ ಮತ್ತೆ ಹೊರಡಬೇಕು. ಮೀಟುವ ಜಾಗ ಕತ್ತಿನ ಹತ್ತಿರವಾದರೆ ಸದ್ದು ಮದುವೆ ಮನೆಯದ್ದು, ಗುಂಯ್ ಎಂದು ಹರಡುತ್ತದೆ. ತಂತಿ ಕಟ್ಟಿದ ಬುಡದ ಕಡೆಗೆ ಸರಿದರೆ ಬಿಗಿಯಾಗುತ್ತದೆ, ಓಟದ ಸ್ವರ ಒಂದೊಂದೂ ಬೇರೆಯಾಗಿ ಕೇಳುತ್ತದೆ. ಇನ್ನೊಂದು ಮಾತು. ಮದುವೆಯಲ್ಲಿ ನಾನು ಕುಣಿಯುವವರ ಕಾಲು ನೋಡಿ ನುಡಿಸುತ್ತಿದ್ದೆ, ಅಜ್ಜಿಯಂದಿರು ನಿಧಾನ ಮಾಡಿದರೆ ನಾನೂ ನಿಧಾನ. ಇಲ್ಲಿ ನೋಡಬೇಕಾದ್ದು ಒಂದೇ ಕಾಲು. ದೊಡ್ಡ ಡ್ರಮ್ಮನ್ನು ತುಳಿಯುವ ಡ್ರಮ್ಮಿನವನ ಬಲಗಾಲು. ಅದೂ ನನ್ನ ಬೆರಳೂ ಒಟ್ಟಿಗೆ ಬಿದ್ದರೆ ಎರಡು ಸದ್ದು ಒಂದಾಗುತ್ತದೆ.

ಎರಡು ಹಾಡು ನಿರಾಯಾಸವಾಗಿ ಹೋಯಿತು. ಮೂರನೆಯದು ಉದ್ದ, ಕೊನೆಯ ಭಾಗವೆಲ್ಲ ಬಿಡುವಿಲ್ಲದ ಓಟ. ಅದರ ತುದಿಯಲ್ಲಿ ಕೈ ಬಿಸಿಯಾಯಿತು. ಬಿಗಿಯಲಿಲ್ಲ. ಆದರೂ ಗಿಟಾರಿನವನು ಅದನ್ನು ಗಮನಿಸಿದ.

“ಜಾಗ ನಿಮ್ಮದೇ ಅಣ್ಣ,” ಎಂದ. “ಆದರೆ ಒಂದು. ಮೂರನೆಯ ಹಾಡಿಗೆ ಆ ಹುಡುಗ ಬಾಸ್ ಹಾಕಿಕೊಂಡು ವೇದಿಕೆಯ ಬದಿಯಲ್ಲಿ ಇರ್ತಾನೆ. ನಿಮ್ಮ ಕೈ ಬಿಗಿದರೆ ಅವನು ಒಳಗೆ ಬರ್ತಾನೆ. ಬೇಸರ ಮಾಡ್ಬೇಡಿ.”

ಬೇಸರವಾಯಿತು. ಗಿಟಾರನ್ನು ಒರೆಸಿ ಗೋಡೆಗೆ ಒರಗಿಸಿಟ್ಟೆ.

ವಾರ್ಷಿಕೋತ್ಸವ ಸಂಜೆ ಬಯಲಿನಲ್ಲಿ ನಡೆಯಿತು. ಹೆಂಡತಿ ಬರುವುದಿಲ್ಲ ಎಂದಿದ್ದಳು, ಬಂದಿದ್ದಳು. ಪಾಗಾರದ ಹತ್ತಿರ ನಮ್ಮ ಕಲ್ಲಿನವರ ಜೊತೆ ನಿಂತದ್ದು ಕಂಡಿತು. ಮೊದಲ ಎರಡು ಹಾಡಿನಲ್ಲಿ ನನಗೆ ಆತಂಕ ಇರಲಿಲ್ಲ. ಮೂರನೆಯದು ಶುರುವಾಗುವ ಮೊದಲು ಆ ಕಿರಿಯ ಹುಡುಗ ಬದಿಯ ಮೆಟ್ಟಿಲು ಹತ್ತಿ ಬಂದು ನಿಂತ. ಹೆಗಲಿಗೆ ಪಟ್ಟಿ, ಬೆರಳಿನಲ್ಲಿ ಪಿಕ್, ವಯರನ್ನೂ ಸಿಕ್ಕಿಸಿಕೊಂಡಿದ್ದ. ಒಳ್ಳೆಯ ಹುಡುಗ, ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದ. ನಾನೂ ಆಡಿಸಿದೆ.

ಓಟದ ಭಾಗ ಬಂತು. ಜನ ಕುರ್ಚಿ ಬಿಟ್ಟು ಎದ್ದರು. ಜನ ಎದ್ದಾಗ ಕೈ ತಾನಾಗಿ ಜೋರಾಗುತ್ತದೆ, ಇದು ಎಲ್ಲರಿಗೂ ಆಗುವಂಥದ್ದು. ನನ್ನದೂ ಆಯಿತು. ತಂತಿ ಫ್ರೆಟ್ಟಿನ ಪಟ್ಟಿಗೆ ಬಡಿದು ಗರ್ ಎಂದಿತು. ಮಣಿಕಟ್ಟಿನ ಹತ್ತಿರ ಆ ಹಳೆಯ ಬಿಸಿ ಹತ್ತತೊಡಗಿತು. ಎಡಗೈಯ ಕಿರುಬೆರಳು ಒಂದು ಸಲ ಮೇಲೆದ್ದಿತು. ಬದಿಯ ಹುಡುಗ ಅದನ್ನು ಕಂಡ. ಒಂದು ಹೆಜ್ಜೆ ಮುಂದೆ ಬಂದ.

ಕಲ್ಲಿನ ಕೆಲಸದಲ್ಲಿ ಕಲ್ಲು ಬಗ್ಗದಿದ್ದರೆ ಇನ್ನೂ ಜೋರಾಗಿ ಹೊಡೆಯುತ್ತೇವೆ. ನನ್ನ ಮೈಯಲ್ಲಿದ್ದದ್ದು ಆ ಬುದ್ಧಿ. ಅದಕ್ಕೆ ವಿರುದ್ಧ ಹೋಗುವುದು ಎಷ್ಟು ಕಷ್ಟವೆಂದು ಮಾಡಿದವನಿಗೇ ಗೊತ್ತು. ಭುಜ ಇಳಿಸಿದೆ. ಬಾಯಿಯಿಂದ ಉಸಿರು ಬಿಟ್ಟೆ. ಜನರನ್ನು ನೋಡುವುದು ಬಿಟ್ಟು ಡ್ರಮ್ಮಿನವನ ಬಲಗಾಲು ನೋಡಿದೆ. ಬೆರಳನ್ನು ತಂತಿಯ ಮೇಲೆ ಇನ್ನೂ ಹಗುರ ಮಾಡಿದೆ, ಇನ್ನೂ. ಸದ್ದು ಹೋಗಿಬಿಡುತ್ತದೋ ಎಂದು ಒಂದು ಕ್ಷಣ ಹೆದರಿಕೆ. ಹೋಗಲಿಲ್ಲ. ಪೆಟ್ಟಿಗೆ ತನ್ನ ಕೆಲಸ ಮಾಡಿತು. ಹಲಗೆಯ ವೇದಿಕೆ ಕಾಲಡಿಯಲ್ಲಿ ಗುಡುಗುತ್ತಿತ್ತು, ಬೆರಳಿನಲ್ಲಿ ಭಾರವೇ ಇರಲಿಲ್ಲ. ಧೂಂ ತಕ, ಧೂಂ ತಕ. ಬಿಸಿ ಮೊಣಕೈಯವರೆಗೆ ಹೋಗದೆ ಅಲ್ಲೇ ಕರಗಿತು.

ಮತ್ತೆ ಬದಿಗೆ ನೋಡಿದಾಗ ಹುಡುಗ ಹೆಗಲಿನ ಪಟ್ಟಿ ತೆಗೆದು ಗಿಟಾರನ್ನು ಅದರ ಚೀಲಕ್ಕೆ ಹಾಕುತ್ತಿದ್ದ. ಹಾಡು ಇನ್ನೂ ಸಾಕಷ್ಟು ಬಾಕಿ ಇತ್ತು.

ಮುಗಿದ ಮೇಲೆ ಸಿಳ್ಳೆ, ಚಪ್ಪಾಳೆ. ಗಿಟಾರಿನವನು ನನ್ನ ಹತ್ತಿರ ಬಂದು ಕಿವಿಯಲ್ಲಿ ಕೂಗಿದ. “ಕೈ ಹೇಗುಂಟು ಅಣ್ಣ?”

ಬೆರಳು ಮಡಚಿ, ಬಿಡಿಸಿ ತೋರಿಸಿದೆ.

“ಜನ ಬಿಡುವುದಿಲ್ಲ ಅಂತ ಕಾಣ್ತದೆ. ಮೂರನೆಯದನ್ನೇ ಇನ್ನೊಮ್ಮೆ ನುಡಿಸುವನಾ?”

“ನುಡಿಸುವ,” ಎಂದೆ. “ನಿನ್ನ ಕೈ ಹೇಗುಂಟು, ನೋಡಿಕೋ.”